ಲಾಭ, ಎರಡು, ಮೂರು

ಇಂಗಿತಮಾಪಕ ಬಂದ ಮೇಲೆ ದಾವಣಗೆರೆಯಲ್ಲಿ ಮೊದಲು ಸತ್ತದ್ದು ಬೈಗುಳ.

ಅದೇನು ಸಣ್ಣ ಸಾವಲ್ಲ. ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಹೊತ್ತು ಹುಟ್ಟುತ್ತಿದ್ದದ್ದೇ ಬೈಗುಳದಿಂದ. "ಏಳೋ ಹಾಳಾದವನೇ" ಎಂದರೆ ಮಗ ಎದ್ದು ಹಲ್ಲುಜ್ಜುತ್ತಿದ್ದ. "ನಿನ್ನ ಬಾಯಿಗೆ ಮಣ್ಣು ಹಾಕ" ಎಂದರೆ ಮಗಳು ಕಿಸಕ್ಕನೆ ನಕ್ಕು ಇನ್ನೊಂದು ರೊಟ್ಟಿಗೆ ಕೈ ಚಾಚುತ್ತಿದ್ದಳು. ಈಗ ಶಾಲೆಯ ಬಾಗಿಲಲ್ಲಿ, ರೇಷನ್ ಅಂಗಡಿಯಲ್ಲಿ, ಬಾಡಿಗೆ ಮನೆಯ ಗೇಟಿನಲ್ಲಿ, ಕೋರ್ಟಿನಲ್ಲಿ, ಎಲ್ಲಿ ನೋಡಿದರೂ ಅಂಗೈಯಗಲದ ಬೂದು ಪೆಟ್ಟಿಗೆ. ಮಾತು ಬಾಯಿಂದ ಹೊರಬೀಳುವುದೇ ತಡ, ಒಳಗಿನ ಇರಾದೆ ಇಷ್ಟು ಎಂದು ನೂರಕ್ಕೆ ಅಂಕ ಹಾಕಿ ತೋರಿಸುವ ಪೆಟ್ಟಿಗೆ. "ಬಾಯಿಗೆ ಮಣ್ಣು ಹಾಕ" ಎಂದ ತಾಯಂದಿರಿಗೆ ಅದು ಕೊಲೆಯ ಇರಾದೆ ಎಪ್ಪತ್ತೆರಡು ಎಂದು ಕೊಟ್ಟಿತು. ತಾಯಂದಿರು ಬಾಯಿ ಮುಚ್ಚಿದರು.

ಯಂತ್ರದ ಗುಟ್ಟು ದೊಡ್ಡದೇನಲ್ಲ. ಮಾತಾಡುವಾಗ ಮನುಷ್ಯನ ಗಂಟಲು ಕಿವಿಗೆ ನಿಲುಕದಷ್ಟು ಸಣ್ಣಗೆ ನಡುಗುತ್ತದೆ. ಆಸೆಗೆ ಒಂದು ಬಗೆಯ ನಡುಕ, ಹಗೆಗೆ ಇನ್ನೊಂದು ಬಗೆ ಇರಬೇಕೆಂದು ವಿಜ್ಞಾನಿಗಳು ಹುಡುಕಲು ಹೊರಟರು. ಬಗೆ ಸಿಗಲಿಲ್ಲ. ನಡುಕ ಎಷ್ಟು ಎಂಬ ಲೆಕ್ಕ ಮಾತ್ರ ಸಿಕ್ಕಿತು. ಖಾಲಿ ಕೈಯಲ್ಲಿ ಹಿಂತಿರುಗಲು ಮರ್ಯಾದೆ ಬಿಡಬೇಕಲ್ಲ, ಬಗೆಯನ್ನು ಪದದಿಂದಲೇ ಎತ್ತಿಕೊಂಡರು. ಪದ ಖಾನೆ ತೋರಿಸುತ್ತದೆ, ದನಿ ತೂಕ ಹೇಳುತ್ತದೆ. 'ಕೊಲ್ಲು' ಎಂದು ನಡುಗುವ ದನಿಯಲ್ಲಿ ಹೇಳಿದರೆ ಕೊಲೆಗಾರ, 'ದೇವರು' ಎಂದರೆ ಭಕ್ತ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿಯ ಯಂತ್ರ. ಅದಕ್ಕೆ ಪ್ರಶಸ್ತಿಯೂ ಬಂತು.

ಜನ ಹೊಂದಿಕೊಂಡರು. ಜನಕ್ಕೆ ಅದೊಂದು ಬರುತ್ತದೆ. ಓಣಿಯ ತುದಿಮನೆಯ ಸೊಸೆ ಈಗ ಅತ್ತೆಗೆ ಕೈಮುಗಿದು, "ನೀವು ನಮ್ಮನೆ ದೇವತೆ ಅತ್ತೆಮ್ಮಾ, ನಿಮ್ಮಂಥ ಅತ್ತೇನೇ ಏಳೇಳು ಜನ್ಮಕ್ಕೂ ಸಿಗ್ಲಿ ನಿಮ್ಮ ಮಗಳಿಗೆ" ಎನ್ನುತ್ತಾಳೆ. ಗೇಟಿನ ಪೆಟ್ಟಿಗೆ ಗೌರವ ತೊಂಬತ್ತು ತೋರಿಸುತ್ತದೆ. ಅತ್ತೆ ಒಳಗೆ ಹೋಗಿ ಅಳುತ್ತಾಳೆ.

ಹೀಗೆ ಮಾತು ತಿರುಗಿಸಲು ಬಾರದವರು ಸಪ್ಪೆ ಗುಳಿಗೆ ನುಂಗಿದರು. ಮುದುಕರ ಗಂಟಲು ನಡುಕಕ್ಕೆಂದು ಇದ್ದ ಔಷಧಿ ಅದು. ಒಂದು ನುಂಗಿದರೆ ಆರು ಗಂಟೆ ಹೊತ್ತು ದನಿ ಉಪ್ಪಿಲ್ಲದ ಸಾರಾಗುತ್ತದೆ. ಏನು ಹೇಳಿದರೂ ಪೆಟ್ಟಿಗೆಯಲ್ಲಿ ಐದೋ ಆರೋ. ಬಾಡಿಗೆ ಮನೆ ಕೇಳಲು ಹೋಗುವವರು, ಕೆಲಸದ ಸಂದರ್ಶನಕ್ಕೆ ನಿಲ್ಲುವವರು ಅದನ್ನು ನುಂಗತೊಡಗಿದರು. ಯಂತ್ರಕ್ಕೆ ಅವಮಾನವಾಯಿತು ನೋಡಿ, ಸರ್ಕಾರ ಗುಳಿಗೆಯನ್ನು ಮಾದಕ ವಸ್ತುಗಳ ಪಟ್ಟಿಗೆ ಸೇರಿಸಿತು. ನುಂಗಿದವರಿಗೆ ಅಮಲೇರುವುದು ಹಾಗಿರಲಿ, ಇದ್ದ ಅಮಲೂ ಇಳಿಯುತ್ತಿತ್ತು. ಇರಲಿ, ಪಟ್ಟಿಗೆ ಸೇರಿದ ಮೇಲೆ ಅದು ಮಾದಕವೇ.

ಆ ಗುಳಿಗೆ ಹಂಚಿ ಸಿಕ್ಕಿಬಿದ್ದವಳು ಹಾಲಮ್ಮನ ಮಗಳು ವನಜಾಕ್ಷಿ.

*

ಹಾಲಮ್ಮನಿಗೆ ಮಗಳ ತಪ್ಪಿನ ಬಗ್ಗೆ ಅನುಮಾನವಿರಲಿಲ್ಲ. ಹಂಚಿದ್ದಳು. ಗಂಡ ಹೈದರಾಬಾದಿಗೆ ಹೋಗಿ ಅಲ್ಲೇ ಕರಗಿಹೋದ ಮೇಲೆ, ಆಸ್ಪತ್ರೆಯ ಕೆಲಸದ ಸಂದರ್ಶನಕ್ಕೆಂದು ವನಜಾಕ್ಷಿ ಒಂದು ಪಟ್ಟಿ ಗುಳಿಗೆ ತಂದಳು. ಕೆಲಸ ಸಿಗಲಿಲ್ಲ, ಗುಳಿಗೆಯ ದಾರಿ ಸಿಕ್ಕಿತು. ತಾಯಿಯ ಮಂಡಕ್ಕಿ ಅಂಗಡಿಗೆ ಬರುವ ಹೆಂಗಸರು ಕೇಳಿದರು, ಇವಳು ಕಾಗದದಲ್ಲಿ ಕಟ್ಟಿ ಕೊಟ್ಟಳು. ತಂದ ಬೆಲೆಗೇ ಕೊಟ್ಟಳಂತೆ.

"ಕಳ್ಳತನ ಮಾಡಿದ್ರೂ ಕಳ್ಳಿಗಿರೋ ಬುದ್ಧಿ ಇಲ್ಲ ಮೂದೇವಿಗೆ" ಎಂದು ಹಾಲಮ್ಮ ಜೈಲಿನ ಕಿಟಕಿಯಲ್ಲಿ ಮಗಳ ಮುಖಕ್ಕೇ ಹೇಳಿದ್ದಳು. ಪೆಟ್ಟಿಗೆ ಕುಂಯ್ ಎಂದಿತ್ತು. ಆ ತಿಂಗಳ ಮುಂದಿನ ಭೇಟಿ ರದ್ದಾಗಿತ್ತು.

ಗುಳಿಗೆ ತೆಗೆದುಕೊಂಡವರಲ್ಲಿ ಸುಚೇತಾ ಎಂಬ ಕಾಲೇಜು ಹುಡುಗಿ ಒಬ್ಬಳು. ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಒಂದು ಸಾಲದೆಂದು ಮೂರು ನುಂಗಿ, ತಲೆ ತಿರುಗಿ ಮೆಟ್ಟಿಲಿಂದ ಬಿದ್ದಳು. ಎಂಟು ತಿಂಗಳು ಗಂಟಲಿನಿಂದ ದನಿ ಹೊರಡಲಿಲ್ಲ. ಹಾಲಮ್ಮ ಒಂದು ಚೀಲ ಹಣ್ಣು ಹಿಡಿದು ಆ ಮನೆಯ ಹೊಸ್ತಿಲಾಚೆ ನಿಂತಿದ್ದಳು. ಹುಡುಗಿಯ ತಾಯಿ ಒಳಗೆ ಕರೆಯಲಿಲ್ಲ, ಹೋಗು ಎನ್ನಲೂ ಇಲ್ಲ. ಕೊನೆಗೆ ಒಂದು ಲೋಟ ನೀರು ತಂದುಕೊಟ್ಟು ಹೇಳಿದಳು:

"ನಿನ್ನ ಮಗಳಿಗೆ ಶಿಕ್ಷೆ ಆಗ್ಬೇಕು. ಆದ್ರೆ ಹದಿನಾಕು ವರ್ಷ ಅಂತ ನಾನು ಕೇಳಿಲ್ಲವ್ವಾ."

ಹದಿನಾಲ್ಕು ವರ್ಷ. ಅದೇ ಹಾಲಮ್ಮನ ಎದೆಗೆ ಒತ್ತಿದ ಕಲ್ಲು. ಬರೀ ಸರಬರಾಜಿಗೆ ಮೂರು ವರ್ಷ. ಹುಡುಗಿಗೆ ಆದ ಹಾನಿಗೆ ಇನ್ನೊಂದು. ಅಲ್ಲಿಗೆ ನಾಲ್ಕು. ಆದರೆ 'ಲಾಭಕೋರ ಸರಬರಾಜು' ಎಂದಾದರೆ ಹದಿನಾಲ್ಕು. ಪೊಲೀಸರು ಅಂಗಡಿಯ ತೊಲೆಯ ಮೇಲೆ ಬಚ್ಚಿಟ್ಟ ಪೆಟ್ಟಿಗೆ ಹದಿನೆಂಟು ದಿನ ವನಜಾಕ್ಷಿಯ ಮಾತು ಕೇಳಿಸಿಕೊಂಡು, ಲಾಭದ ಇರಾದೆ ತೊಂಬತ್ತೊಂದು ಎಂದು ತೀರ್ಪು ಬರೆದಿತ್ತು. ವನಜಾಕ್ಷಿಗೆ ನಾಲ್ಕು ವರ್ಷದ ಮಗಳು, ಚುಕ್ಕಿ. ಹದಿನಾಲ್ಕು ಮುಗಿಯುವ ಹೊತ್ತಿಗೆ ಅವಳಿಗೆ ತಾಯಿಯ ಮುಖ ಮರೆತು, ಹೆಸರು ಮಾತ್ರ ಉಳಿದಿರುತ್ತದೆ.

*

ತೀವ್ರತಾ ಪರಿಶೀಲನಾ ಕೇಂದ್ರ ಬೈಪಾಸಿನಾಚೆಯ ಗಾಜಿನ ಕಟ್ಟಡ. ಅಲ್ಲಿ ತಪ್ಪು ಮಾಡಿದ್ದು ಹೌದೋ ಅಲ್ಲವೋ ಎಂದು ಯಾರೂ ಬಾಯಿ ಬಿಡುವಂತಿಲ್ಲ. ಶಿಕ್ಷೆ ಹೆಚ್ಚಾಯಿತು ಎಂದಷ್ಟೇ ಬೇಡಬಹುದು. ಮೇಲ್ಮನವಿ ಸಲ್ಲಿಸಲು ಹಾಲಮ್ಮ ವಕೀಲೆ ಜುಬೇದಾಳ ಜೊತೆ ಹೋದಳು. ಜುಬೇದಾ ಸರ್ಕಾರ ಕೊಟ್ಟ ಪುಕ್ಕಟೆ ವಕೀಲೆ. ಚಪ್ಪಲಿ ಸವೆದಿತ್ತು, ನಾಲಿಗೆ ಸವೆದಿರಲಿಲ್ಲ.

ನಿಯಂತ್ರಣ ಕೊಠಡಿಯಲ್ಲಿ ಗೋಡೆಯಗಲದ ಪರದೆ, ಅದರಲ್ಲಿ ಹಸಿರು ಗೆರೆಗಳು ಹಾವಿನಂತೆ ಹೊರಳುತ್ತಿದ್ದವು. ಮಾಪನಾಧಿಕಾರಿ ಡಾಕ್ಟರ್ ಶ್ರೀವತ್ಸ ತಿರುಗುವ ಕುರ್ಚಿಯಲ್ಲಿ ಅರ್ಧ ಮಾತ್ರ ಇವರ ಕಡೆ ತಿರುಗಿದ.

"ಯಾವ ಮಾತಿಗೆ ತೊಂಬತ್ತೊಂದು ಬಂತು ಅಂತ ಕೇಳಿಸ್ತೀರಾ ಸರ್?" ಎಂದಳು ಜುಬೇದಾ.

"ಧ್ವನಿಮುದ್ರಣವನ್ನು ಮನುಷ್ಯರು ಕೇಳುವಂತಿಲ್ಲ ಮೇಡಂ. ನಾನೂ ಕೇಳಿಲ್ಲ. ಮನುಷ್ಯ ಕೇಳಿದರೆ ಪಕ್ಷಪಾತ ಶುರುವಾಗುತ್ತೆ."

"ಯಾರೂ ಕೇಳ್ದೇ ಹದಿನಾಕು ವರ್ಷ ಹಾಕಿದ್ರಾ?" ಎಂದುಬಿಟ್ಟಳು ಹಾಲಮ್ಮ.

ಡಾಕ್ಟರ್ ಅವಳತ್ತ ನೋಡಲಿಲ್ಲ, ಪರದೆಯತ್ತ ನೋಡಿದ. ಅಲ್ಲಿ 'ತಿರಸ್ಕಾರ: ಮೂವತ್ತೊಂದು' ಎಂದು ಮೂಡಿತು. ಅವನು ನಸುನಕ್ಕ. "ಅಜ್ಜಿಗೆ ಹೇಳಿ. ವಿಚಾರಣೆಯ ದಿನ ನಲವತ್ತು ದಾಟಿದರೆ ಅರ್ಜಿ ಅಲ್ಲಿಗೇ ವಜಾ."

ಹೊರಗೆ ಬಂದ ಮೇಲೆ ಜುಬೇದಾ ಬಿಡಿಸಿ ಹೇಳಿದಳು. ಶಿಕ್ಷೆ ಇಳಿಯಬೇಕಾದರೆ ಯಂತ್ರ ತಪ್ಪಿದೆ ಎಂದು ಮಾಪನಾಧಿಕಾರಿಯೇ ತನ್ನ ಬಾಯಾರೆ ಹೇಳಬೇಕು, ಅದು ದಾಖಲೆಗೆ ಹೋಗಬೇಕು. ಬೇರೆ ದಾರಿ ಕಾನೂನಿನಲ್ಲಿಲ್ಲ.

"ಇಲ್ಲೀಗಂಟ ಎಷ್ಟು ಸಲ ಹೇಳಿದಾನೆ ವಕೀಲಮ್ಮಾ?"

"ಕೇಂದ್ರ ಶುರುವಾಗಿ ಒಂಬತ್ತು ವರ್ಷ. ಒಂದು ಸಲಾನೂ ಇಲ್ಲ."

"ಒಳ್ಳೇದಾತು. ಕುರಿ ಕಡಿಯೋನ್ನೇ ಕೇಳ್ಬೇಕಂತೆ, ಕತ್ತಿ ಹರಿತ ಐತೋ ಇಲ್ಲೋ ಅಂತ."

"ಈ ಮಾತೆಲ್ಲ ಒಳಗೆ ಬ್ಯಾಡ ಹಾಲಮ್ಮಾರೇ" ಎಂದು ಜುಬೇದಾ ಕೈಮುಗಿದಳು. "ಹೋದ ತಿಂಗಳು ಒಬ್ಬರು ನೊಣ ಬಾಯಿಗೆ ಬಂತು ಅಂತ ಥೂ ಅಂದ್ರು. ಅವರ ತಮ್ಮನ ಅರ್ಜಿ ಬಿದ್ದೋಯ್ತು."

*

ಹಾಲಮ್ಮನ ಬೆಳಗು ಭಟ್ಟಿಯ ಮುಂದೆ. ಭತ್ತದ ಹೊಟ್ಟಿನ ಬೆಂಕಿ, ಕಾದ ಮರಳು, ಅದರಲ್ಲಿ ಅಕ್ಕಿ ಹಾಕಿ ಎರಡು ಸಲ ಕೈಯಾಡಿಸಿದರೆ ಮಲ್ಲಿಗೆ ಅರಳಿದ ಹಾಗೆ ಮಂಡಕ್ಕಿ. ಆಮೇಲೆ ಚುಕ್ಕಿಯ ತಲೆ ಬಾಚಿ, ಎರಡು ಜಡೆ ಹಾಕಿ, ಅಂಗನವಾಡಿಗೆ ಬಿಟ್ಟು ಅಂಗಡಿ. ಮಂಡಕ್ಕಿ ತೂಗಿ ಮಾರುವ ಮಾಲಲ್ಲ, ಅಳೆದು ಮಾರುವ ಮಾಲು. ಊರೆಲ್ಲ ತಕ್ಕಡಿ ಬಿಟ್ಟು ಎಲೆಕ್ಟ್ರಾನಿಕ್ ಕಾಟಾ ಹಿಡಿದರೂ ಈ ಓಣಿಯಲ್ಲಿ ಸೇರು ಉಳಿದಿತ್ತು.

ಒಂದು ಮಧ್ಯಾಹ್ನ ಅಂಗನವಾಡಿಯಿಂದ ಕರೆ ಬಂತು. ಟೀಚರ್ ಕಮಲಾಕ್ಷಿ ಒಂದು ಚೀಟಿ ಹಿಡಿದು ನಿಂತಿದ್ದಳು. ಹೊಸ ಪೆಟ್ಟಿಗೆ ಬಂದಿದೆಯಂತೆ, ಮಕ್ಕಳಿಗೆಂದೇ. ಚೀಟಿಯಲ್ಲಿ ಬರೆದಿತ್ತು: 'ಮಗುವಿನಲ್ಲಿ ಲಾಭಕೋರತನದ ಒಲವು ಎಂಬತ್ತಾರು. ಮನೆಯ ವಾತಾವರಣ ಗಮನಿಸುವುದು.'

ಹಾಲಮ್ಮ ಚೀಟಿ ಓದಿದಳು, ಕೆಳಗೆ ನೋಡಿದಳು. ಲಾಭಕೋರಳು ಮೂಗಿನಲ್ಲಿ ಬೆರಳಿಟ್ಟುಕೊಂಡು ನಿಂತಿದ್ದಳು.

"ಏನ್ ಮಾಡಿದ್ಲು ಟೀಚರಮ್ಮಾ? ಯಾರ ಬುತ್ತಿನಾರ ಕಿತ್ಕಂಡ್ಲಾ?"

"ಅಯ್ಯೋ ಏನಿಲ್ಲ ಹಾಲಮ್ಮಾರೇ. ಐದು ಮಣಿ ಎಣಿಸು ಅಂದೆ, ಅಷ್ಟೇ."

"ಎಣಿಸ್ಲಿಲ್ವಾ?"

"ಎಣಿಸಿದ್ಲು. ಅಂಕಿ ಸರಿಯಾಗಿ ಕಲಿಸ್ರಿ ಮನೇಲಿ. ಸುರುವಿಗೇ ತಪ್ತಾಳೆ."

"ಎಲ್ಲಿ, ಎಣಿಸೇ ಬಂಗಾರಿ."

ಚುಕ್ಕಿ ಮೂಗಿನಿಂದ ಬೆರಳು ತೆಗೆದು, ಮಣಿ ಮುಟ್ಟುತ್ತ, ಅಜ್ಜಿಯದೇ ರಾಗದಲ್ಲಿ ಹಾಡಿದಳು: "ಲಾಭಾ... ಎರಡೂ... ಮೂರೂ... ನಾಕೂ... ಐದೂ."

ಪೆಟ್ಟಿಗೆ ಕುಂಯ್ ಎಂದು ಕೆಂಪಾಯಿತು.

"ಸರಿಯಾಗೇ ಐತಲ್ಲ ಮತ್ತೆ" ಎಂದಳು ಹಾಲಮ್ಮ. ಎಂದ ಮರುಗಳಿಗೆಗೆ ಚೀಟಿಯನ್ನು ಮತ್ತೊಮ್ಮೆ ಓದಿದಳು.

ರಾಶಿ ಅಳೆಯುವವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ. ಒಂದು ಎಂದರೆ ಒಂಟಿ. ಲಾಭ ಎಂದು ಶುರು ಮಾಡಿದರೆ ರಾಶಿ ಹೆಚ್ಚುತ್ತದೆಂದು ಹಿರಿಯರ ನಂಬಿಕೆ. ಲಾಭ, ಎರಡು, ಮೂರು. ಹಾಲಮ್ಮನ ತಾಯಿ ಹಾಗೆ ಅಳೆದಳು, ಹಾಲಮ್ಮ ಅಳೆದಳು, ವನಜಾಕ್ಷಿ ಆರನೇ ವಯಸ್ಸಿನಿಂದ ಸೇರು ಹಿಡಿದು ಹಾಗೇ ಅಳೆದಳು. ಮೊದಲ ಅಳತೆಯ ದನಿಯಲ್ಲಿ ಮಂಗಳದ ಮಾತೆಂದು ಒಂದು ಹಿಗ್ಗು ಬೇರೆ ಇರಬೇಕು, ಅದೂ ಪದ್ಧತಿಯೇ. ಹದಿನೆಂಟು ದಿನ ಬೆಳಗಿನಿಂದ ಸಂಜೆಯವರೆಗೆ ಮಂಡಕ್ಕಿಗೂ ಲಾಭ ಎಂದಿರುತ್ತಾಳೆ. ಗುಳಿಗೆ ಎಣಿಸುವಾಗಲೂ ಎಂದಿರುತ್ತಾಳೆ, ಬೇರೆ ಎಣಿಕೆ ಆ ಬಾಯಿಗೆ ಬರುವುದೇ ಇಲ್ಲ. ಪದ ಖಾನೆ ತೋರಿಸಿತು, ಹಿಗ್ಗು ತೂಕ ಹಾಕಿತು.

"ಟೀಚರಮ್ಮಾ, ಈ ಚೀಟಿ ನಂಗೆ ಕೊಡ್ರಿ" ಎಂದಳು ಹಾಲಮ್ಮ. "ದೇವರ ಮನೇಲಿ ಇಟ್ಕಂತೀನಿ."

*

ವಿಚಾರಣೆಯ ಬೆಳಿಗ್ಗೆ ಚೀಲದ ತಳದ ಮಂಡಕ್ಕಿ ಬಗ್ಗಿ ಅಳೆಯುವಾಗ ಹಳೇ ಹೊಲಿಗೆಯ ಮಡಿಕೆಯಲ್ಲಿ ಕೈಗೆ ಗಟ್ಟಿಯಾದದ್ದೇನೋ ಸಿಕ್ಕಿತು. ಬಿಳೀ ಗುಳಿಗೆ. ಮಂಡಕ್ಕಿಯ ಬಣ್ಣವೇ ಇದ್ದುದರಿಂದ ಪೊಲೀಸರ ಕಣ್ಣಿಗೆ ಬಿದ್ದಿರಲಿಲ್ಲ.

ಹಾಲಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತಳು. ಇದೊಂದು ನುಂಗಿದರೆ ಸಾಕು. ಡಾಕ್ಟರ್ ಏನೇ ಅಂದರೂ ಅವಳ ದನಿಯಲ್ಲಿ ತಿರಸ್ಕಾರ ಐದು ದಾಟುವುದಿಲ್ಲ. ಒಂದು ವರ್ಷದಿಂದ ಎದೆಯಲ್ಲಿ ಕುದಿಯುತ್ತಿರುವುದು ನಾಲಿಗೆಗೆ ಬರುವ ಹೊತ್ತಿಗೆ ಗಂಜಿಯಾಗಿರುತ್ತದೆ. ಆದರೆ ಆಗ 'ನನ್ನ ಮಗಳು' ಎಂದರೂ ಐದೇ.

"ಅಜ್ಜೀ, ಪೆಪ್ಪರಮಿಂಟಾ?" ಎಂದು ಚುಕ್ಕಿ ಕೈ ಚಾಚಿದಳು.

ಹಾಲಮ್ಮನಿಗೆ ಆ ಕಾಲೇಜು ಹುಡುಗಿಯ ಮನೆಯ ಹೊಸ್ತಿಲು ಕಣ್ಣಿಗೆ ಕಟ್ಟಿತು. ಗುಳಿಗೆಯನ್ನು ಭಟ್ಟಿಯ ಬೆಂಕಿಗೆ ಎಸೆದಳು. "ಪೆಪ್ಪರಮಿಂಟಲ್ಲ ಮಗಾ, ನಿಮ್ಮವ್ವನ ಬುದ್ಧಿ ಅದು. ಸುಟ್ಟೋಗ್ಲಿ ಬಿಡು."

*

ನ್ಯಾಯಾಧೀಶೆ ಇಂದುಮತಿ ಪಾಟೀಲರು ನಿವೃತ್ತಿಗೆ ಹತ್ತಿರವಾದ ಹೆಂಗಸು. ಒಂಬತ್ತು ವರ್ಷದಿಂದ ಯಂತ್ರ ಹೇಳಿದ್ದಕ್ಕೆ ಸಹಿ ಹಾಕಿ ಹಾಕಿ ಅವರ ಮುಖ ರಬ್ಬರ್ ಸ್ಟಾಂಪಿನ ಹಾಗೇ ಆಗಿತ್ತು. ನಿಯಂತ್ರಣ ಕೊಠಡಿಯೇ ಕೋರ್ಟು. ಗೋಡೆಯ ಪರದೆಯಲ್ಲಿ ಮಾತಾಡುವವರ ಇರಾದೆ ಎಲ್ಲರಿಗೂ ಕಾಣುವಂತೆ ಮೂಡುತ್ತದೆ. ಪಕ್ಕದ ಸಣ್ಣ ಪರದೆಯಲ್ಲಿ ಜೈಲಿನಿಂದ ವನಜಾಕ್ಷಿ. ಕೆನ್ನೆ ಒಳಸೇರಿತ್ತು. ಬಾಗಿಲಲ್ಲಿ ಜವಾನ ದ್ಯಾಮಪ್ಪ.

ಜುಬೇದಾ ಎದ್ದು ಲಾಭದ ಎಣಿಕೆ ವಿವರಿಸಿದಳು. ಅಂಗನವಾಡಿಯ ಚೀಟಿ ತೋರಿಸಿದಳು. ಹಾಲಮ್ಮ ಚೀಲದಿಂದ ಹಿತ್ತಾಳೆ ಸೇರು ತೆಗೆದು ಮೇಜಿನ ಮೇಲೇ ಮಂಡಕ್ಕಿ ಅಳೆದಳು. "ಲಾಭಾ" ಎನ್ನುತ್ತಿದ್ದಂತೆ ಪರದೆಯಲ್ಲಿ 'ಲಾಭದ ಇರಾದೆ: ತೊಂಬತ್ತಮೂರು'. ಬಾಗಿಲಲ್ಲಿದ್ದ ದ್ಯಾಮಪ್ಪ ತಡೆಯಲಾರದೆ, "ನಮ್ಮೂರಾಗೂ ಹಂಗೇ ಬುದ್ಧೀ, ಒಂದು ಅಂದ್ರೆ ನಮ್ಮಪ್ಪ ಕಪಾಳಕ್ಕೆ ಕೊಡ್ತಿದ್ದ" ಎಂದ. ಪರದೆ ಅವನಿಗೆ ಹಲ್ಲೆಯ ಇರಾದೆ ಐವತ್ತು ಕೊಟ್ಟಿತು.

ಡಾಕ್ಟರ್ ಶ್ರೀವತ್ಸ ಮೇಜಿನ ಮೇಲೆ ಚೆಲ್ಲಿದ ಮಂಡಕ್ಕಿಯನ್ನು ಪೆನ್ನಿನ ತುದಿಯಿಂದ ದೂರ ತಳ್ಳಿದ.

"ತುಂಬಾ ಸ್ವಾರಸ್ಯವಾಗಿದೆ ಮೇಡಂ. ಜಾನಪದ ಸಮ್ಮೇಳನದಲ್ಲಿ ಓದಬಹುದು. ಆದರೆ ಯಂತ್ರಕ್ಕೆ ನಾಲ್ಕು ಲಕ್ಷ ಪದ ಕಲಿಸಿದ್ದೇವೆ. ಲಾಭ ಅಂದರೆ ಲಾಭ. ಒಂದು ಅನ್ನುವ ಮನಸ್ಸಿದ್ದವರು ಒಂದು ಅನ್ನಬೇಕಿತ್ತು. ಎಣಿಸೋಕೆ ಬರದವರು ಜೈಲಿಗೆ ಬಂದ ಮೇಲೆ ಅದನ್ನ ಸಂಸ್ಕೃತಿ ಅಂತ ಕರೆಯೋದು ಒಂದು ಫ್ಯಾಷನ್."

"ಯಂತ್ರ ತಪ್ಪಿದೆ ಎಂದು ನಿಮ್ಮ ಅಭಿಪ್ರಾಯವಿಲ್ಲ?" ಎಂದು ನ್ಯಾಯಾಧೀಶೆ ವಾಡಿಕೆಯಂತೆ ಕೇಳಿದರು.

"ಯಂತ್ರ ತಪ್ಪುವುದಿಲ್ಲ."

ನ್ಯಾಯಾಧೀಶೆ ಪೆನ್ನು ಎತ್ತಿಕೊಂಡರು. "ಮನೆಯವರಿಗೆ ಮೂರು ನಿಮಿಷ. ಹೇಳುವುದಿದ್ದರೆ ಹೇಳಿ."

ಜುಬೇದಾ ಹಾಲಮ್ಮನ ಸೆರಗು ಜಗ್ಗಿ ಕಿವಿಯಲ್ಲಿ ಬೇಡಿಕೊಂಡಳು: "ಮಗಳು, ಮೊಮ್ಮಗಳು ಅಂತ ಎರಡು ಮಾತು ಅಂದು ಕೂತ್ಬಿಡ್ರಿ. ನಲವತ್ತು ದಾಟೋದು ಬ್ಯಾಡ."

ಹಾಲಮ್ಮ ಎದ್ದಳು. ಸಣ್ಣ ಪರದೆಯಲ್ಲಿ ಮಗಳು ತಲೆ ತಗ್ಗಿಸಿದ್ದಳು. ಪೆನ್ನಿನಿಂದ ತಳ್ಳಿದ ಮಂಡಕ್ಕಿ ನೆಲಕ್ಕೆ ಬಿದ್ದಿತ್ತು. ಬಗ್ಗಿ ಒಂದೊಂದೇ ಆರಿಸಿ ಮಡಿಲಿಗೆ ಹಾಕಿಕೊಂಡಳು. ತಿನ್ನುವ ಅನ್ನ. ನೆಟ್ಟಗಾದಾಗ ಅವಳ ಎದೆಯಲ್ಲಿದ್ದದ್ದು ಇಡೀ ಓಣಿಯ ಬೈಗುಳ. ಅದರಲ್ಲಿ ಒಂದನ್ನೂ ಆಡುವಂತಿಲ್ಲ. ಆಗ ತುದಿಮನೆಯ ಸೊಸೆ ನೆನಪಾದಳು.

ಹಾಲಮ್ಮ ಡಾಕ್ಟರನಿಗೆ ಎರಡೂ ಕೈ ಜೋಡಿಸಿದಳು.

"ಬುದ್ಧೀ, ತಾವು ಮಹಾನುಭಾವರು" ಎಂದು ಶುರು ಮಾಡಿದಳು. ಒಂದು ವರ್ಷ ಕುದಿದದ್ದೆಲ್ಲ ಆ 'ಮಹಾನುಭಾವ'ದೊಳಗೆ ಇಳಿಯಿತು. "ತಮ್ಮನ್ನ ಹಡೆದ ದಿನ ನಾಡಿಗೆಲ್ಲ ಬೆಳಕಾಗಿರ್ಬೇಕು. ಮೊದಲ್ನೇ ಸೇರಿಗೆ ಒಂದು ಅನ್ಬೇಕು ಅಂತ ತಾವು ಹೇಳಿದ ಮೇಲೇ ನಮಗೆ ಜ್ಞಾನ ಬಂತು. ನಮ್ಮಜ್ಜಿ, ನಮ್ಮಜ್ಜಿಯ ಅಜ್ಜಿ, ಎಲ್ಲಾ ಹಂಗೇ ಅಳ್ದು ಅಳ್ದು ಊರಿಗೆ ಉಣ್ಣಾಕಿಟ್ಟು ಹೋದರು. ತಮ್ಮಂಥ ಗುರುಗಳ ದರ್ಶನಭಾಗ್ಯ ಅವರಿಗೆ ಇರ್ಲಿಲ್ಲ, ಒಂದು ಎಣಿಸಾಕೆ ಕಲಿಸಾಕೆ."

ಪರದೆಯಲ್ಲಿ ಮೂಡಿತು: 'ಗೌರವ: ತೊಂಬತ್ತೈದು. ತಿರಸ್ಕಾರ: ಸೊನ್ನೆ.'

ದ್ಯಾಮಪ್ಪ ಬಾಯಿಗೆ ಟವೆಲ್ ಅಡ್ಡ ಹಿಡಿದ.

"ಒಬ್ಬರ ಮಾತೂ ಕಿವಿಗೆ ಹಾಕ್ಕಳ್ದೇ ನ್ಯಾಯ ಹೇಳೋ ವಿದ್ಯೆ ದೇವರಿಗೂ ಇಲ್ಲ ಬುದ್ಧೀ. ಅದು ತಮ್ಮಂಥ ದೇವಾಂಶ ಸಂಭೂತರಿಗೇ ಸೈ. ನಾಕು ಲಕ್ಷ ಮಾತು ಕಲಿಸಿದೀರಂತೆ ಯಂತ್ರಕ್ಕೆ. ನಮ್ಮ ಚುಕ್ಕಿಗೆ ನಾನೂರೂ ಬರಾಕಿಲ್ಲ, ಆದ್ರೂ ಅಜ್ಜಿ ನಗ್ತಾಳೋ ಅಳ್ತಾಳೋ ಅಂತ ತಿಳ್ಕಂತೈತೆ. ಅದಕ್ಕಿನ್ನೂ ತಮ್ಮಷ್ಟು ಓದಾಗಿಲ್ಲ ನೋಡ್ರಿ. ತಮ್ಮ ಪಾದಧೂಳಿ ಒಂದು ಸೇರು ಕೊಡ್ರಿ ಸ್ವಾಮೀ, ಭಟ್ಟಿಗೆ ಹಾಕ್ಕಂತೀನಿ. ಮರಳಿಗಿಂತ ಚೆನ್ನಾಗಿ ಕಾಯ್ತೈತೆ."

'ಗೌರವ: ತೊಂಬತ್ತೆಂಟು. ಭಕ್ತಿ: ತೊಂಬತ್ತು. ತಿರಸ್ಕಾರ: ಸೊನ್ನೆ.'

ಸಣ್ಣ ಪರದೆಯಲ್ಲಿ ವನಜಾಕ್ಷಿ ತಲೆಯೆತ್ತಿದ್ದಳು. ತನ್ನ ತಾಯಿ ಮಂಗಳಾರತಿ ಎತ್ತಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿದ್ದಳು, ಇಷ್ಟು ದೊಡ್ಡದನ್ನು ಕಂಡಿರಲಿಲ್ಲ. ದ್ಯಾಮಪ್ಪನ ಟವೆಲಿನಿಂದ ಕುಸುಕುಸು ಹೊರಟಿತು. ನ್ಯಾಯಾಧೀಶೆಯ ರಬ್ಬರ್ ಸ್ಟಾಂಪು ಬಾಯಿಯ ಒಂದು ಮೂಲೆಯಲ್ಲಿ ಸೀಳು ಬಿಟ್ಟಿತು.

ಡಾಕ್ಟರನ ಕಿವಿ ಕೆಂಪಾಗಿ, ಮೂಗು ಕೆಂಪಾಗಿ, ಕೊನೆಗೆ ಅವನು ಪೂರಾ ಎದ್ದು ನಿಂತ.

"ನಿಲ್ಲಿಸಿ ಇದನ್ನ! ಈಕೆ ನನ್ನ ಮರ್ಯಾದೆ ತೆಗೀತಿದಾಳೆ! ಕೋರ್ಟಿನೊಳಗೆ ನಿಂತು ಹಂಗಿಸ್ತಿದಾಳೆ! ಅರ್ಜಿ ವಜಾ ಮಾಡಿ!"

ಜುಬೇದಾಳ ಕಣ್ಣು ಒಮ್ಮೆ ಹಾಲಮ್ಮನತ್ತ ಹೋಗಿ ಮಿಂಚಿತು. ಅವಳು ಮೆತ್ತಗೆ ಎದ್ದಳು.

"ಸರ್, ಗೌರವ ತೊಂಬತ್ತೆಂಟು ಇದೆಯಲ್ಲ ಸರ್. ತಿರಸ್ಕಾರ ಸೊನ್ನೆ."

"ಪರದೆ ಬಿಡ್ರೀ! ನಿಮಗೆ ಕಿವಿ ಇಲ್ವಾ? ಆ ದನಿ ಕೇಳಿದ್ರೆ ಎಂಥವನಿಗೂ ಗೊತ್ತಾಗುತ್ತೆ. ಯಂತ್ರಕ್ಕೆ ಗೊತ್ತಾಗ್ತಿಲ್ಲ ಅಂದ್ರೆ..."

ಅಲ್ಲಿಗೆ ನಿಂತ.

"ಅಂದ್ರೆ?" ಎಂದರು ನ್ಯಾಯಾಧೀಶೆ.

ಅವನು ಸುತ್ತ ನೋಡಿದ. "ಕ್ಷಮಿಸಿ. ಈಕೆ ಗೌರವವನ್ನೇ ತೋರಿಸಿರಬಹುದು. ನನಗೆ... ನನಗೆ ಸಂತೋಷವೇ ಆಗಿದೆ" ಎಂದು ಹಲ್ಲು ಕಚ್ಚಿ ಹೇಳಿದ.

ಯಂತ್ರ ಚಾಕರಿಗೆ ಮೋಸ ಮಾಡಲಿಲ್ಲ. 'ಸಂತೋಷ: ತೊಂಬತ್ತಾರು' ಎಂದು ದೊಡ್ಡಕ್ಷರದಲ್ಲಿ ಹೊಳೆಯಿತು.

ದ್ಯಾಮಪ್ಪನ ಟವೆಲು ಕೈಬಿಟ್ಟುಹೋಯಿತು. ಅವನು ಬಾಗಿಲಿಗೆ ಆತುಕೊಂಡು ಹೊಟ್ಟೆ ಹಿಡಿದು ನಕ್ಕ. ಜುಬೇದಾ ಫೈಲಿನಲ್ಲಿ ಮುಖ ಮುಚ್ಚಿಕೊಂಡಳು. ನಗದೆ ನಿಂತವಳು ಹಾಲಮ್ಮ ಒಬ್ಬಳೇ. ಜೋಡಿಸಿದ ಕೈ ಹಾಗೇ ಇತ್ತು.

ನ್ಯಾಯಾಧೀಶೆ ಕನ್ನಡಕ ತೆಗೆದು ಒರೆಸಿಕೊಂಡರು. "ಡಾಕ್ಟರ್, ಎರಡರಲ್ಲಿ ಒಂದನ್ನು ಹೇಳಿ. ಈ ತಾಯಿಗೆ ನಿಮ್ಮ ಮೇಲೆ ತೊಂಬತ್ತೆಂಟು ಗೌರವವಿದೆ ಎಂದು ಬರೆದುಕೊಳ್ಳಲೇ? ಆಗ ವಜಾ ಮಾಡಲು ಕಾರಣವೇ ಇಲ್ಲ. ಈ ದೃಶ್ಯದ ದಾಖಲೆಯನ್ನು ನಿಯಮದಂತೆ ಎಲ್ಲ ಕೇಂದ್ರಗಳಿಗೂ ಕಳಿಸುತ್ತೇನೆ. ಅಥವಾ ಯಂತ್ರ ಪದ ಹಿಡಿದು ದನಿ ಬಿಟ್ಟಿತು ಎಂದು ಒಂದೇ ಸಾಲು ಬರೆದುಕೊಂಡು, ಈ ದೃಶ್ಯವನ್ನು ಇಲ್ಲಿಗೇ ಬಿಡಲೇ?"

ಎಲ್ಲ ಕೇಂದ್ರಗಳಿಗೂ. ಪಾದಧೂಳಿಯ ಮಾತು ಸಹಿತ. ಡಾಕ್ಟರ್ ಶ್ರೀವತ್ಸ ಪರದೆ ನೋಡಿದ, ಮಂಡಕ್ಕಿ ನೋಡಿದ, ಹಾಲಮ್ಮನ ಮುಖ ನೋಡಲಾರದೆ ನೆಲ ನೋಡಿದ. ಹೆಣ್ಣೊಬ್ಬಳ ಹತ್ತು ವರ್ಷ ಉಳಿಸಲು ಬಾಯಿಗೆ ಬಾರದ ಮಾತು, ಸ್ವಂತ ಮರ್ಯಾದೆ ಉಳಿಸಿಕೊಳ್ಳಲು ಬಂತು.

"ಯಂತ್ರ ತಪ್ಪಿದೆ" ಎಂದ.

"ದಾಖಲೆ ಮಾಡಿಕೊಳ್ಳಿ" ಎಂದರು ನ್ಯಾಯಾಧೀಶೆ.

*

ಲಾಭಕೋರತನ ಹೋಯಿತು. ಸರಬರಾಜಿನ ಮೂರು, ಸುಚೇತಾಳ ಗಂಟಲಿನ ಒಂದು, ನಾಲ್ಕು ಉಳಿಯಿತು. ಕಳೆದದ್ದು ಒಂದು. ಇನ್ನು ಮೂರು. ವನಜಾಕ್ಷಿ ಸಣ್ಣ ಪರದೆಯಲ್ಲಿ "ಅವ್ವಾ" ಎಂದಳು. ಹಾಲಮ್ಮ "ಬಾಯ್ಮುಚ್ಚು, ಮೂರು ವರ್ಷ ನೆಟ್ಟಗೆ ಇದ್ದು ಬಾ" ಎಂದಳು. ಅದಕ್ಕೆ ಯಂತ್ರ ಬೆದರಿಕೆ ಅರವತ್ತು ಎಂದಿತು. ಆ ದಿನ ಅದನ್ನು ಯಾರೂ ಓದಲಿಲ್ಲ.

ಕೇಂದ್ರ ಪಾಠ ಕಲಿತಿತೆಂದು ತಿಳಿಯಬೇಡಿ. ವಾರದೊಳಗೆ ಸುತ್ತೋಲೆ ಬಂತು: 'ಇನ್ನು ಮುಂದೆ ಯಂತ್ರವು ಲಾಭ ಎಂಬ ಪದವನ್ನು ಒಂದು ಎಂದೇ ಓದತಕ್ಕದ್ದು.' ಅಷ್ಟೇ, ದನಿಯ ಸುದ್ದಿಗೆ ಹೋಗಲಿಲ್ಲ. ಮರುತಿಂಗಳು ಸಪ್ಪೆ ಗುಳಿಗೆ ತಯಾರಿಸುವ ಕಂಪನಿಯ ಯಜಮಾನ ಸಭೆಯಲ್ಲಿ ಎದ್ದು, "ನಮ್ಮ ಗುರಿ ಲಾಭ, ಲಾಭ, ಲಾಭ!" ಎಂದು ಮೇಜು ಗುದ್ದಿದನಂತೆ. ಯಂತ್ರ ಅವನನ್ನು ಒಂದು, ಒಂದು, ಒಂದು ಎಂದು ಎಣಿಸಿ ಬಿಟ್ಟಿತು.

ವಿಚಾರಣೆಯ ಸಂಜೆ ಹಾಲಮ್ಮ ಮನೆಗೆ ಬಂದು ಕಾಲು ತೊಳೆದು, ಮಡಿಲಲ್ಲಿದ್ದ ಮಂಡಕ್ಕಿಯನ್ನು ಮೊರದಲ್ಲಿ ಕೇರಿ, ಎಣ್ಣೆ ಖಾರ ಹಚ್ಚಿ ಚುಕ್ಕಿಯ ಮುಂದಿಟ್ಟಳು.

"ಅವ್ವ ಯಾವಾಗ ಬರ್ತಾಳೆ ಅಜ್ಜೀ?"

"ಮೂರು ವರ್ಷಕ್ಕೆ."

"ಮೂರು ಅಂದ್ರೆ ಎಷ್ಟು?"

ಹಾಲಮ್ಮ ತಟ್ಟೆಯಿಂದ ಮೂರು ಮಂಡಕ್ಕಿ ಆರಿಸಿ ಅವಳ ಅಂಗೈಯಲ್ಲಿ ಸಾಲಾಗಿಟ್ಟಳು. ಚುಕ್ಕಿ ಮೊದಲನೆಯದನ್ನು ಮುಟ್ಟಿ ರಾಗ ತೆಗೆದಳು: "ಲಾಭಾ..."

ಹಾಲಮ್ಮ ಆ ಪುಟ್ಟ ಬೆರಳನ್ನು ಹಿಡಿದುಕೊಂಡಳು.

"ಇದಕ್ಕೆ ಲಾಭ ಅನ್ಬಾರ್ದು ಮಗಾ" ಎಂದಳು. "ಒಂದು ಅನ್ನು."